ಕಪ್ಪೆಗೆ ಕ್ಲಚ್ ಇಲ್ಲವಂತೆ

ಫೆಬ್ರವರಿ ೯, ಭಾನುವಾರ

ಪ್ರೀತಿಯ ತಂಗಿಗೆ,

ಇಲ್ಲಿ ನಾವು ಮೂವರೂ ಜಗಳವಾಡುವಷ್ಟು ಗಟ್ಟಿಯಾಗಿದ್ದೇವೆ. ನೀನೂ ನಿನ್ನ ಮನೆಯವರೂ ಹಾಗೆಯೇ ಇದ್ದೀರಿ ಎಂದು ನಂಬಿದ್ದೇನೆ. ನಿನ್ನ ಎರಡು ಪತ್ರಗಳೂ ಬಂದಿವೆ. ಉತ್ತರ ಬರಲಿಲ್ಲವೆಂದು ನೀನು ಮುಖ ಊದಿಸಿಕೊಂಡು ಕೂತಿರುವುದು ನನಗೆ ಇಲ್ಲಿಂದಲೇ ಕಾಣಿಸುತ್ತಿದೆ, ಕ್ಷಮಿಸು. ಫೋನು ಮಾಡಬಹುದಿತ್ತು ನಿಜ. ಆದರೆ ಫೋನಿನಲ್ಲಿ ನಾನೊಂದು ಮಾತು ಮುಗಿಸುವಷ್ಟರಲ್ಲಿ ನೀನು ನಾಲ್ಕು ಆಡಿರುತ್ತೀಯ. ಕಾಗದದಲ್ಲಾದರೆ ನಡುವೆ ಬಾಯಿ ಹಾಕುವಂತಿಲ್ಲ.

ತಡವಾದದ್ದಕ್ಕೆ ಕಾರಣ ಹೇಳಿದರೆ ನಗುತ್ತೀಯ. ನಮ್ಮ ಮನೆಗೆ ಐದು ದಿನದಿಂದ ಸಾವಿನ ಮನೆಯ ಕಳೆ ಬಂದಿದೆ. ಸತ್ತಿರುವುದು ಒಂದು ಪೆಡಲ್.

ನಿನ್ನ ಭಾವನ ಕಪ್ಪೆ ಹುಚ್ಚು ನಿನಗೆ ಗೊತ್ತು, ಆದರೆ ಅದು ಈಗ ಎಲ್ಲಿಯವರೆಗೆ ಬಂದಿದೆ ಎಂದು ಗೊತ್ತಿಲ್ಲ. ನೆಲಕ್ಕೆ ಅಂಟಿಕೊಂಡು ಕೂರುವ, ದೀಪಗಳು ಕಣ್ಣುಗುಡ್ಡೆಯಂತೆ ಉಬ್ಬಿರುವ ಆ ವೇಗದ ಕಾರಿಗೆ ಕಂಪನಿಯವರು ಇಟ್ಟ ಹೆಸರು ನನ್ನ ನಾಲಿಗೆಗೆ ಹೊರಳುವುದಿಲ್ಲ. ಅಭಿಮಾನಿಗಳೆಲ್ಲ ಅದನ್ನು ಕಪ್ಪೆ ಎಂದೇ ಕರೆಯುತ್ತಾರೆ. ನಮ್ಮ ಡ್ರೈವಿಂಗ್ ಸ್ಕೂಲಿನ ಮುಂದಿನ ಕೋಣೆಯಲ್ಲಿ, ಟ್ರಾಫಿಕ್ ಚಿಹ್ನೆಗಳ ಪಟದ ಕೆಳಗೆ, ಪ್ರತಿ ಭಾನುವಾರ ಕಪ್ಪೆ ಸಂಘ ಸೇರುತ್ತದೆ. ಉಳಿದ ದಿನ ಫೋನಿನಲ್ಲೇ ಸಂಘ. ಅಧ್ಯಕ್ಷರು ನಿನ್ನ ಭಾವ. ಇವರು ಆ ಕಾರನ್ನು ಓಡಿಸಿಲ್ಲ. ಸಂಘದಲ್ಲಿ ಯಾರೂ ಓಡಿಸಿಲ್ಲ. ಟೈರ್ ಅಂಗಡಿಯವರು ಒಮ್ಮೆ, ದಾರಿ ತಪ್ಪಿ ಬಂದ ಯಾರದೋ ಕಪ್ಪೆಯ ಚಕ್ರಕ್ಕೆ ಗಾಳಿ ತುಂಬಿದ್ದಾರೆ. ಆ ಪುಣ್ಯಕ್ಕೆ ಅವರ ಮಾತಿಗೆ ಇವತ್ತಿಗೂ ಎದುರಿಲ್ಲ. ಗಣಿತದ ಮೇಷ್ಟ್ರಿಗೆ ಲೈಸೆನ್ಸೇ ಇಲ್ಲ. ರಿವರ್ಸ್ ಪರೀಕ್ಷೆಯಲ್ಲಿ ಪ್ರತಿ ಸಲವೂ ಕಂಬಕ್ಕೆ ಗುದ್ದುತ್ತಾರೆ, ಆದರೆ ಕಪ್ಪೆ ನಿಂತಲ್ಲಿಂದ ನೂರರ ವೇಗಕ್ಕೆ ಏರುವ ಹೊತ್ತನ್ನು ದಶಮಾಂಶ ಸಮೇತ ಹೇಳುತ್ತಾರೆ. ಕೊಳ್ಳುವ ಶಕ್ತಿ ಇರುವವರು ಹಲ್ಲಿನ ಡಾಕ್ಟರೊಬ್ಬರೇ. ಸಂಘದವರೆಲ್ಲ ಹಲ್ಲು ಕೀಳಿಸಿಕೊಳ್ಳುವುದು ಅವರ ಹತ್ತಿರವೇ, ಎಂದಾದರೂ ಒಂದು ದಿನ ಕೂರಿಸಿಕೊಂಡು ಹೋದಾರು ಎಂಬ ಆಸೆಯಿಂದ.

ಹೊಸ ಕಪ್ಪೆ ಬರುತ್ತದೆಂಬ ಸುದ್ದಿ ಶುರುವಾಗಿ ವರ್ಷವಾಯಿತು. ಮೊದಲು ಒಂದು ಮಸುಕು ಫೋಟೋ ಬಂತು: ಮೈಗೆಲ್ಲ ಪಟ್ಟೆಪಟ್ಟೆ ಹೊದಿಕೆ ಸುತ್ತಿಕೊಂಡು ಕಾರು ಎಲ್ಲೋ ಓಡುತ್ತಿದೆ. ಡಾಕ್ಟರು ಅದನ್ನು ಹಲ್ಲಿನ ಎಕ್ಸ್‌ರೇ ನೋಡುವ ದೀಪದ ಹಲಗೆಗೆ ಸಿಕ್ಕಿಸಿ, ಬಾಯಿ ತೆರೆದುಕೊಂಡು ಕೂತಿದ್ದ ರೋಗಿಯನ್ನು ಹಾಗೆಯೇ ಬಿಟ್ಟು, "ಹಿಂಭಾಗ ಅಗಲ ಆಗಿದೆ, ದವಡೆ ಬಲವಾಗಿದೆ" ಎಂದು ಸಂಘಕ್ಕೆ ವರದಿ ಕಳಿಸಿದರು. ಎಲ್ಲರೂ ಸಂಭ್ರಮಿಸಿದರು.

ಹೋದ ಮಂಗಳವಾರ ಕಂಪನಿಯವರೇ ಬಾಯಿ ಬಿಟ್ಟರು. ಹೊಸ ಕಪ್ಪೆಯಲ್ಲಿ ಎಂಜಿನ್ನಿನ ಜೊತೆ ಬ್ಯಾಟರಿ ಇರುತ್ತದೆ, ಗೇರು ತಾನಾಗಿಯೇ ಬೀಳುತ್ತದೆ, ಕ್ಲಚ್ ಇರುವುದಿಲ್ಲ. ಕಾಲ ಬಳಿ ಎರಡೇ ಪೆಡಲ್. ನಿನ್ನ ಭಾವ ಊಟದ ತಟ್ಟೆ ಮುಂದೆ ಕೂತಿದ್ದವರು ಫೋನು ನೋಡಿ, "ಮುಗೀತು" ಎಂದರು. ನಾನು ಅವರ ದೊಡ್ಡಣ್ಣನಿಗೇ ಏನೋ ಆಯಿತೆಂದು ಎದೆ ಹಿಡಿದುಕೊಂಡೆ.

ಆಮೇಲೆ ಫೋನು ಗುಂಯ್‌ಗುಡುವುದು ನಿಲ್ಲಲಿಲ್ಲ. ಒಬ್ಬೊಬ್ಬರೂ ಅಳುವ ಮುಖದ ಚಿತ್ರ ಕಳಿಸಿದರು. ಮೇಷ್ಟ್ರು, "ಇದನ್ನ ಕಾರು ಅಂತ ಕರೆಯೋದಾದ್ರೆ ಲಿಫ್ಟನ್ನೂ ಕಾರು ಅಂತ ಕರೀಬೇಕಾಗುತ್ತೆ" ಎಂದು ಬರೆದರು. ಟೈರ್ ಅಂಗಡಿಯವರು, "ನಾನು ಗಾಳಿ ತುಂಬಿದ ಕಪ್ಪೆಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ" ಎಂದು ಕೈ ತೊಳೆದುಕೊಂಡರು. ಇವತ್ತು ತುರ್ತುಸಭೆ. ಬಾಗಿಲಲ್ಲಿ ಅಷ್ಟೊಂದು ಚಪ್ಪಲಿ, ಒಳಗೆ ತಲೆ ಬಗ್ಗಿಸಿ ಕೂತ ಗಂಡಸರನ್ನು ನೋಡಿ ಮೇಲಿನ ಮನೆಯವರು ಗಾಬರಿಯಿಂದ ಇಳಿದು ಬಂದು ನನ್ನ ಕೈ ಹಿಡಿದುಕೊಂಡರು. "ತುಂಬಾ ನರಳಿದ್ರಾ?" ಎಂದು ಕೇಳಿದರು. ನಾನು "ಇನ್ನೂ ನರಳ್ತಾನೇ ಇದಾರೆ, ಒಳಗೆ ಬಂದು ನೋಡಿ" ಎಂದೆ.

ಇಷ್ಟಾದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಎಲ್ಲರೂ ಅಳುತ್ತಿರುವಾಗ ಸಂಘದ ಒಬ್ಬ ಸದಸ್ಯೆ, "ತುಂಬಾ ಚೆನ್ನಾಗಿದೆ, ನನಗೆ ಎರಡೇ ಸಾಕು" ಎಂದು ಬರೆದುಬಿಟ್ಟಳು. ಅವಳು ಅಧ್ಯಕ್ಷರ ಮಗಳು. ನಮ್ಮ ಪಾಪು.

ಪಾಪು ಎಂದು ಕರೆಯುವ ವಯಸ್ಸು ಅವಳದ್ದಲ್ಲ, ಆದರೂ ಬಾಯಿಯ ರೂಢಿ ಬಿಡುವುದಿಲ್ಲ. ಅವಳಿಗೆ ಬೈಕು ಗುದ್ದಿ ಎಡಗಾಲಿನ ನರಕ್ಕೆ ಪೆಟ್ಟಾದಾಗ ನೀನೇ ಬಂದು ಆಸ್ಪತ್ರೆಯಲ್ಲಿ ನನ್ನ ಜೊತೆ ಕೂತಿದ್ದೆ. ಈಗ ನಡೆಯುತ್ತಾಳೆ, ಮೆಟ್ಟಿಲು ಹತ್ತುತ್ತಾಳೆ, ಸಿಟ್ಟು ಬಂದರೆ ದಡದಡ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ. ಆದರೆ ಕ್ಲಚ್ ಒತ್ತಿ ಹಿಡಿಯುವ ಬಲ ಆ ಪಾದಕ್ಕಿಲ್ಲ. ಹದಿನೆಂಟು ತುಂಬುತ್ತಲೇ ಅಪ್ಪನ ಹತ್ತಿರ ಕಲಿತು ಲೈಸೆನ್ಸ್ ತೆಗೆದುಕೊಂಡವಳು, ಆ ಅಪಘಾತದ ಮೇಲೆ ಸ್ಟಿಯರಿಂಗ್ ಮುಟ್ಟಿಲ್ಲ. ಬೆಳಿಗ್ಗೆ ಬೆಳಿಗ್ಗೆ ಪಾದಕ್ಕೆ ರಬ್ಬರ್ ಪಟ್ಟಿ ಹಾಕಿ ವ್ಯಾಯಾಮ ಮಾಡಿಸುವುದು ನಿನ್ನ ಭಾವನ ಕೆಲಸ. "ಮೊದ್ಲು ಕಾಲು ಬರ್ಲಿ, ಆಮೇಲೆ ಕಾರು" ಎನ್ನುತ್ತಲೇ ಇರುತ್ತಾರೆ.

ಈಗ ನೀರು ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ ಅವಳಿಗೆ ಕೆಲಸ ಸಿಗುವ ಹಾಗಿದೆ. ಊರ ಸುತ್ತಲಿನ ಕೆರೆ, ಬಾವಿ, ಟ್ಯಾಂಕುಗಳಿಗೆ ತಾನೇ ಕಾರಿನಲ್ಲಿ ಹೋಗಿ ಸೀಸೆಗಳಲ್ಲಿ ನೀರು ತುಂಬಿಕೊಂಡು ಬರಬೇಕು. ಕಾರು ಅವರದ್ದೇ, ಕ್ಲಚ್ ಇಲ್ಲದ್ದು. ಮಾರ್ಚ್ ತಿಂಗಳಲ್ಲಿ ಅವರ ಎದುರು ಓಡಿಸಿ ತೋರಿಸಬೇಕು. ಪಾಪುವಿಗೆ ಭಯ. ಅಪ್ಪ ಪಕ್ಕದಲ್ಲಿ ಕೂತರೆ ಓಡಿಸುತ್ತೇನೆ, ಬೇರೆ ಯಾರು ಕೂತರೂ ನನ್ನಿಂದಾಗದು ಎನ್ನುತ್ತಾಳೆ. ಅಪ್ಪ "ನೋಡೋಣ" ಎನ್ನುತ್ತಾರೆ. ನಿನ್ನ ಭಾವನ "ನೋಡೋಣ" ಎಂಥದೆಂದು ನಿನಗೆ ಗೊತ್ತಲ್ಲ.

ಅಂಥ ಹೊತ್ತಿನಲ್ಲಿ "ಎರಡೇ ಸಾಕು" ಎಂಬ ಆ ಮಾತು. ಇವರು ಅಧ್ಯಕ್ಷರ ಅಧಿಕಾರ ಚಲಾಯಿಸಿ, ಪಕ್ಕದ ಕೋಣೆಯಲ್ಲಿದ್ದ ಮಗಳನ್ನು ಸಂಘದಿಂದ ತೆಗೆದುಹಾಕಿದರು. ಅವಳು ದಡದಡ ಹೋಗಿ ಬಾಗಿಲು ಹಾಕಿಕೊಂಡಳು. ಇವರು ಮುಂದಿನ ಕೋಣೆಯ ಬಾಗಿಲು ಹಾಕಿಕೊಂಡರು. ನಾನೀಗ ಎರಡು ಮುಚ್ಚಿದ ಬಾಗಿಲುಗಳ ನಡುವೆ ಕೂತು ಈ ಪತ್ರ ಬರೆಯುತ್ತಿದ್ದೇನೆ.

ನಿನ್ನ ಅಕ್ಕ

* * *

ಫೆಬ್ರವರಿ ೨೩, ಭಾನುವಾರ

ಪ್ರೀತಿಯ ತಂಗಿಗೆ,

ನಿನ್ನ ಪತ್ರ ಓದಿದೆ. "ಇಬ್ಬರನ್ನೂ ಎದುರುಬದುರು ಕೂರಿಸಿ ನಾಲ್ಕು ಬಾರಿಸು" ಎಂದಿದ್ದೀಯ. ಬರೆಯುವುದು ಸುಲಭ. ಇಬ್ಬರೂ ಮಾತು ಬಿಟ್ಟು ಎರಡು ವಾರವಾಯಿತು. ವ್ಯಾಯಾಮ ಮಾತ್ರ ತಪ್ಪಿಲ್ಲ. ಮುಖ ಗೋಡೆಯ ಕಡೆ ತಿರುಗಿಸಿಕೊಂಡು ಅವಳು ಕಾಲು ಚಾಚುತ್ತಾಳೆ, ಮುಖ ಕಿಟಕಿಯ ಕಡೆ ತಿರುಗಿಸಿಕೊಂಡು ಇವರು ಪಟ್ಟಿ ಎಳೆಯುತ್ತಾರೆ.

ಪಾಪುವನ್ನು ತೆಗೆದ ಜಾಗಕ್ಕೆ ನಾನು ಸಂಘಕ್ಕೆ ಸೇರಿದ್ದೇನೆ. ಹಟ ಮಾಡಿ ಸೇರಿದೆ. ಅವಳು ಕೋಣೆಯೊಳಗಿಂದ ಹೇಳುವುದು, ನಾನು ಬರೆಯುವುದು. "ಗೇರು ತಾನಾಗಿ ಬೀಳುವ ಕಾರೇ ಮನುಷ್ಯರು ಹಾಕುವುದಕ್ಕಿಂತ ಬೇಗ ಹಾಕುತ್ತದೆ, ಟಾರ್ಕ್ ಎಲ್ಲೂ ಕಡಿದುಹೋಗುವುದಿಲ್ಲ" ಎಂದು ಬರೆದೆ. ಮುಂದಿನ ಕೋಣೆಯಿಂದ ಕೂಗು ಕೇಳಿಸಿತು: "ಲೇ, ಟಾರ್ಕ್ ಅಂದ್ರೆ ಏನು ಅಂತ ಗೊತ್ತೇನೇ ನಿಂಗೆ?"

"ಗೊತ್ತಿಲ್ಲಾರೀ. ಆದ್ರೆ ಕಡಿದುಹೋಗಲ್ಲ!" ಎಂದು ನಾನೂ ಕೂಗಿದೆ.

ಒಮ್ಮೆ ಇವರೊಬ್ಬರಿಗೇ ಕಳಿಸಬೇಕಾದ "ಬರುವಾಗ ಬಟ್ಟೆ ಸೋಪು ತನ್ನಿ" ಎಂಬುದನ್ನು ಸಂಘಕ್ಕೇ ಕಳಿಸಿಬಿಟ್ಟೆ. ಕಪ್ಪೆಯ ಕುರಿತು ನಾನು ಬರೆದ ಯಾವುದಕ್ಕೂ ಬಾರದಷ್ಟು ಮೆಚ್ಚುಗೆ ಅದಕ್ಕೆ ಬಂತು.

ಮೊನ್ನೆ ಕಂಪನಿಯವರು ಹೊಸ ಕಪ್ಪೆಯ ಸದ್ದು ಬಿಟ್ಟರು. ಎಂಜಿನ್ನಿನ ಸದ್ದು ಸಾಲದೆಂದು ಒಳಗೆ ಸ್ಪೀಕರು ಇಟ್ಟು ಗುಟುರು ಹಾಕಿಸುತ್ತಾರಂತೆ. ಸಂಘವೆಲ್ಲ ಮುಂದಿನ ಕೋಣೆಯಲ್ಲಿ ಸೇರಿ, ಕಿಟಕಿ ಮುಚ್ಚಿ, ಕಣ್ಣೂ ಮುಚ್ಚಿಕೊಂಡು ಕೂತಿತು. ಅಷ್ಟರಲ್ಲಿ ಗುರ್ರೆಂದು ಶುರುವಾಯಿತು. ಮೇಷ್ಟ್ರು "ಆಹಾ" ಎಂದರು. ಟೈರ್ ಅಂಗಡಿಯವರು, "ಏನೇ ಹೇಳಿ, ಒಳಗೆ ಜೀವ ಇದೆ. ಇದು ಸ್ಪೀಕರಿನ ಸದ್ದಲ್ಲ" ಎಂದರು. ನಿನ್ನ ಭಾವನಂತೂ ಕಣ್ಣು ಒರೆಸಿಕೊಂಡು, "ಕೇಳಿದ್ರಾ, ಆ ಏರಿಕೆ ಕೇಳಿದ್ರಾ? ಇಂಥಾ ಎಂಜಿನ್ನಿಗೆ ಕ್ಲಚ್ ಇಲ್ದಂಗೆ ಮಾಡಿದ್ರಲ್ಲಪ್ಪ" ಎಂದು ಗದ್ಗದರಾದರು. ನಾನು ಅಡುಗೆಮನೆಯಲ್ಲಿ ಮಿಕ್ಸಿ ನಿಲ್ಲಿಸಿದೆ. ಸದ್ದು ನಿಂತಿತು. ಫೋನಿನಲ್ಲಿ ಲೋಡಿಂಗ್ ಚಕ್ರ ಇನ್ನೂ ತಿರುಗುತ್ತಲೇ ಇತ್ತಂತೆ, ಕಪ್ಪೆ ಬಾಯೇ ಬಿಟ್ಟಿರಲಿಲ್ಲ.

ಒಳಗಿನ ಕೋಣೆಯಿಂದ ಪಾಪು ನಕ್ಕಿದ್ದು ಇಡೀ ಮನೆಗೆ ಕೇಳಿಸಿತು. ಇವರಿಗೂ ಕೇಳಿಸಿತು. ತುಟಿ ಸ್ವಲ್ಪ ಅಲುಗಿತು ಎಂದು ನನ್ನ ಅನುಮಾನ, ಆದರೆ ಪ್ರಮಾಣ ಮಾಡಿ ಹೇಳಲಾರೆ.

ಆ ದಿನವೇ ಹಲ್ಲಿನ ಡಾಕ್ಟರು ಇನ್ನೊಂದು ಬಾಂಬು ಹಾಕಿದರು. ಎಲ್ಲರೊಡನೆ ಅಳುತ್ತ ಕೂತಿದ್ದ ಮನುಷ್ಯ, ಒಳಗೊಳಗೇ ಹೊಸ ಕಪ್ಪೆಯನ್ನು ಬುಕ್ ಮಾಡಿ ಬಂದಿದ್ದರು. "ದ್ರೋಹ" ಎಂದರು ಮೇಷ್ಟ್ರು. ಡಾಕ್ಟರು ಮೆಲ್ಲಗೆ, "ಬುಕ್ ಮಾಡಿದವ್ರನ್ನ ಶೋರೂಮಿನವ್ರು ಅವ್ರ ಅಂಗಳದಲ್ಲಿ ಓಡಿಸಿ ನೋಡೋಕೆ ಕರೆದಿದಾರೆ. ಜೊತೆಗೆ ಮನೆಯವ್ರನ್ನೂ ಕರ್ಕೊಂಡು ಬನ್ನಿ ಅಂದಿದಾರೆ. ನನ್ನ ಮನೆಯವ್ರು ಅಂದ್ರೆ ನೀವೇ ಅಲ್ವಾ?" ಎಂದರು. ದ್ರೋಹದ ಮಾತು ಅಲ್ಲಿಗೆ ಮುಗಿಯಿತು. ಯಾವ ಅಂಗಿ ಹಾಕಿಕೊಂಡು ಹೋಗುವುದೆಂಬ ಚರ್ಚೆ ಶುರುವಾಯಿತು.

ಊಟಕ್ಕೆ ಕೂತಾಗ ಪಾಪು ತಾನಾಗಿಯೇ ಮಾತು ತೆಗೆದಳು. "ಅಪ್ಪ, ಲ್ಯಾಬಿನವ್ರು ದಿನ ಹೇಳಿದಾರೆ. ನೀನು ಒಂದು ವಾರ ನನ್ನ ಜೊತೆ ಕೂರ್ತೀಯಾ? ಕ್ಲಚ್ ಇಲ್ಲದ ಕಾರು ಎಲ್ಲಾದ್ರೂ ಕೇಳಿ ತರೋಣ."

"ನಮ್ಮ ಸ್ಕೂಲಲ್ಲಿ ಅಂಥದ್ದನ್ನ ಕಲಿಸಲ್ಲ. ಕಾಲು ಬರ್ಲಿ, ನಮ್ಮ ಕಾರಲ್ಲೇ ಕೂರೋಣ."

"ಬರ್ದೇ ಇದ್ರೆ?"

ಇವರು ಅರ್ಧ ಊಟಕ್ಕೆ ಎದ್ದು ಕೈ ತೊಳೆದುಕೊಂಡರು. ನನಗೆ ಮೈಯೆಲ್ಲ ಉರಿದುಹೋಯಿತು. ಯಾರೋ ಓಡಿಸುವ, ನಾವು ಯಾವ ಜನ್ಮಕ್ಕೂ ಕೊಳ್ಳದ ಕಾರಿನ ಪೆಡಲಿಗಾಗಿ ಸ್ವಂತ ಮಗಳ ಕೆಲಸ ಕಳೆಯುವುದೆಂದರೆ ಏನು? ನಾನೂ ಆವತ್ತಿನಿಂದ ಇವರ ಜೊತೆ ಮಾತು ಬಿಟ್ಟಿದ್ದೇನೆ. ಈಗ ನಮ್ಮ ಮನೆಯಲ್ಲಿ ಮಾತಾಡುವುದು ಮಿಕ್ಸಿಯೊಂದೇ.

ನಿನ್ನ ಅಕ್ಕ

* * *

ಮಾರ್ಚ್ ೧೬, ಭಾನುವಾರ

ಪ್ರೀತಿಯ ತಂಗಿಗೆ,

ಮತ್ತೆ ತಡವಾಯಿತು, ಬೈಯಬೇಡ. ಈ ಸಲ ಒಳ್ಳೆಯ ಕಾರಣವೇ ಇದೆ. ಮೊದಲಿನಿಂದ ಹೇಳುತ್ತೇನೆ, ಕೊನೆಯ ಪುಟ ಮೊದಲು ಓದುವ ನಿನ್ನ ಚಾಳಿ ಬಿಟ್ಟು ಓದು.

ಕಪ್ಪೆಯ ದರ್ಶನಕ್ಕೆ ಎಲ್ಲರೂ ಹೊರಟೆವು. ಪಾಪುವನ್ನು ಡಾಕ್ಟರೇ ಬಂದು, "ಬಾಮ್ಮ, ಅಧ್ಯಕ್ಷರು ತೆಗೆದಿರೋದು ಫೋನಿಂದ. ಅಂಗಳದಿಂದ ಅಲ್ಲ" ಎಂದು ಹೊರಡಿಸಿದರು. ಶೋರೂಮಿನ ಹಿಂದೆ, ಕಾರು ತೊಳೆಯುವ ಜಾಗ ದಾಟಿದರೆ ದೊಡ್ಡ ಅಂಗಳ. ಕಿತ್ತಳೆ ಬಣ್ಣದ ಗೂಟಗಳನ್ನಿಟ್ಟು ದಾರಿ ಮಾಡಿದ್ದರು. ನಡುವೆ ಹೊಸ ಕಪ್ಪೆ ಕೂತಿತ್ತು. ಕೆಂಪಗೆ, ತಗ್ಗಾಗಿ, ಈಗಲೋ ಆಗಲೋ ಹಾರುವ ಹಾಗೆ. ಸುಳ್ಳೇಕೆ ಹೇಳಲಿ, ನನಗೂ ಒಮ್ಮೆ ಮುಟ್ಟಿ ನೋಡೋಣ ಎನಿಸಿತು. ಟೈರ್ ಅಂಗಡಿಯವರು ಕಾರಿನ ಮುಖವನ್ನೇ ನೋಡಲಿಲ್ಲ. ನೇರ ಹೋಗಿ ಚಕ್ರದ ಮುಂದೆ ಕೂತುಬಿಟ್ಟರು.

ಎಷ್ಟೋ ಜನರ ಹಲ್ಲು ಕಿತ್ತ ಡಾಕ್ಟರು ಆವತ್ತು ಕಾರಿನ ಬಾಗಿಲಿಗೆ ಕೈ ಹಾಕಲಿಲ್ಲ. "ಮೊದ್ಲು ನೀವೇ ಓಡಿಸಿ. ನಮ್ಮಲ್ಲಿ ತಿಳಿದವ್ರು ನೀವೇ" ಎಂದು ನಿನ್ನ ಭಾವನಿಗೆ ಕೀಲಿ ಕೊಟ್ಟರು. ಕಾರಿನಲ್ಲಿ ಇಬ್ಬರಿಗೇ ಜಾಗ. ಪಕ್ಕದಲ್ಲಿ ಟೈ ಕಟ್ಟಿದ ಸೇಲ್ಸಿನವನು ಕೂತ. ಇವರು ಕಲಿಯಲು ಬಂದವರಿಗೆ ಹೇಳುವ ಪಾಠವನ್ನೆಲ್ಲ ತಮಗೇ ಹೇಳಿಕೊಂಡು, ಸೀಟು ಸರಿಮಾಡಿ, ಕನ್ನಡಿ ಸರಿಮಾಡಿ, ಗಂಭೀರವಾಗಿ ಹೊರಟರು. ಕಪ್ಪೆ ಸುಯ್ಯೆಂದು ಹೋಯಿತು. ಮೇಷ್ಟ್ರು ಗಡಿಯಾರ ಹಿಡಿದು ನಿಂತರು.

ಮೊದಲ ತಿರುವು ಬಂತು. ತಿರುವು ಬಂದರೆ ನಿನ್ನ ಭಾವನ ಎಡಗಾಲು ಕ್ಲಚ್ ಒತ್ತುತ್ತದೆ. ಬಸ್ಸಿನಲ್ಲಿ ಹೋಗುವಾಗಲೂ ಒತ್ತುತ್ತದೆ, ಟೀವಿಯಲ್ಲಿ ಕಾರು ತಿರುಗಿದರೆ ಸೋಫಾದ ಮುಂದಿನ ಚಾಪೆಯನ್ನೂ ಒತ್ತುತ್ತದೆ. ಅಲ್ಲಿಯೂ ಒತ್ತಿತು. ಕ್ಲಚ್ ಇರಬೇಕಾದ ಕಡೆಗೆ ಚಾಚಿಕೊಂಡಿದ್ದದ್ದು ಅಗಲವಾದ ಬ್ರೇಕು. ಇಷ್ಟು ವರ್ಷದ ಅಭ್ಯಾಸದ ಬಲವೆಲ್ಲ ಅದರ ಮೇಲೆ ಬಿತ್ತು. ಕಪ್ಪೆ ನೆಲಕ್ಕೆ ಮೊಳೆ ಹೊಡೆದ ಹಾಗೆ ನಿಂತಿತು. ಸೇಲ್ಸಿನವನ ಫೈಲು ಗಾಜಿಗೆ ಬಡಿಯಿತು, ಅವನ ಟೈ ಹೆಗಲ ಹಿಂದಕ್ಕೆ ಹೋಯಿತು. ಇವರು ಏನೂ ಆಗದವರಂತೆ ಮತ್ತೆ ಹೊರಟರು. ಮುಂದಿನ ತಿರುವಿನಲ್ಲೂ ಅದೇ. ಅದರ ಮುಂದಿನದರಲ್ಲೂ ಅದೇ. "ನಿಂತಲ್ಲಿಂದ ನೂರಕ್ಕೆ ಅಂತ ಬರ್ಕೊಳ್ಳೋಕೆ ಬಂದೆ, ಬರೀ ನಿಲ್ಲೋದೇ ಆಯ್ತಲ್ಲ" ಎಂದು ಮೇಷ್ಟ್ರು ಗಡಿಯಾರ ಕಿಸೆಗೆ ಹಾಕಿಕೊಂಡರು.

ಕೊನೆಗೆ ಇವರು ನಮ್ಮ ಎದುರಿಗೇ ಕಾರು ನಿಲ್ಲಿಸಿ, ಬಾಗಿಲು ತೆರೆದು, "ಬ್ರೇಕು ಸರಿ ಇಲ್ಲ ಇದ್ರದ್ದು" ಎಂದರು. ಇಡೀ ಊರಿಗೆ ಕಾರು ಕಲಿಸಿದವರ ಮುಖ ಹಾಗೆ ಸಣ್ಣದಾದದ್ದನ್ನು ನಾನು ನೋಡಿರಲಿಲ್ಲ. ಮಾತು ಬಿಟ್ಟಿದ್ದರೂ ನನಗೆ ಅಯ್ಯೋ ಎನಿಸಿತು.

ಪಾಪು ಮುಂದೆ ಹೋಗಿ ಬಾಗಿಲ ಬಳಿ ಬಗ್ಗಿದಳು. ನಗುತ್ತಾಳೆ, ಸೇಡು ತೀರಿಸಿಕೊಳ್ಳುತ್ತಾಳೆ ಎಂದುಕೊಂಡೆ. ಅವಳು ಮೆಲ್ಲಗೆ, "ಅಪ್ಪ, ಎಡಗಾಲನ್ನ ಹಿಂದಕ್ಕೆ ಎಳ್ಕೊಂಡು ಸೀಟಿನ ಹತ್ರ ಇಟ್ಬಿಡು. ಅದಕ್ಕೆ ಇಲ್ಲಿ ಕೆಲಸ ಇಲ್ಲ" ಎಂದಳು.

ಇವರು ಸೀಟ್ ಬೆಲ್ಟ್ ಬಿಚ್ಚಿದರು. ಆಮೇಲೆ ಇಳಿದು, "ನೀನೇ ತೋರ್ಸು" ಎಂದರು.

"ನೀನು ಪಕ್ಕ ಕೂತ್ರೆ."

ಸೇಲ್ಸಿನವನನ್ನು ಒಪ್ಪಿಸಬೇಕಾಯಿತೇನೋ ಎಂದುಕೊಳ್ಳಬೇಡ. ಡಾಕ್ಟರು ಬಾಯಿ ತೆರೆಯುವ ಮೊದಲೇ ಅವನು ಕುತ್ತಿಗೆ ಹಿಡಿದುಕೊಂಡು ಇಳಿದು, "ದಯವಿಟ್ಟು ಕೂತ್ಕೊಳ್ಳಿ ಸರ್" ಎಂದ.

ಹೊರಟಳು ನೋಡು. ಮೊದಲು ಇರುವೆಯ ಹಾಗೆ. ಸ್ಟಿಯರಿಂಗ್ ಮೇಲೆ ಅವಳ ಬೆರಳು ಬಿಗಿದುಕೊಂಡಿದ್ದು ನಾವು ನಿಂತಲ್ಲಿಗೆ ಕಾಣಿಸುತ್ತಿತ್ತು. ಎರಡನೆಯ ಸುತ್ತಿಗೆ ಹೆಗಲು ಸಡಿಲವಾಯಿತು. ಆಮೇಲೆ ಗೂಟಗಳ ನಡುವೆ ಆ ಕೆಂಪು ಕಪ್ಪೆ ಹಾವಿನ ಹಾಗೆ ಹರಿಯಿತು. ಒಂದು ಗೂಟವೂ ಅಲುಗಲಿಲ್ಲ. ಮೇಷ್ಟ್ರು ಕುಣಿದರು. ಟೈರ್ ಅಂಗಡಿಯವರು, "ಟೈರಿಗೆ ಒಂಚೂರೂ ನೋವಾಗದ ಹಾಗೆ ತಿರುಗಿಸ್ತಾಳೆ" ಎಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ನಾನು ಕಾರನ್ನು ನೋಡಲಿಲ್ಲ, ಪ್ರತಿ ಸುತ್ತಿಗೂ ನಿನ್ನ ಭಾವನ ಮುಖ ನೋಡಿದೆ. ಅವರು ರಸ್ತೆ ನೋಡುತ್ತಿರಲಿಲ್ಲ. ಮಗಳ ಪಾದಗಳನ್ನು ನೋಡುತ್ತಿದ್ದರು.

ಮನೆಗೆ ಬಂದು ಅವಳನ್ನು ಮತ್ತೆ ಸಂಘಕ್ಕೆ ಸೇರಿಸಿದರು. ನನ್ನನ್ನು ತೆಗೆದರು, ಸೋಪಿನ ವಿಷಯ ಮುಂದೆಂದೂ ಬರಬಾರದಂತೆ. ಮರುದಿನವೇ ಹಳೆಯ ಶಿಷ್ಯರೊಬ್ಬರ ಎರಡು ಪೆಡಲಿನ ಪುಟ್ಟ ಕಾರು ಕೇಳಿ ತಂದು, ಬೆಳಿಗ್ಗೆ ಸಂಜೆ ಅವಳ ಪಕ್ಕದಲ್ಲಿ ಕೂತರು. ಲ್ಯಾಬಿನವರ ಎದುರು ಪಾಪು ಓಡಿಸಿ ಗೆದ್ದಳು. ನಾಳೆ ಸೋಮವಾರ ಕೆಲಸಕ್ಕೆ ಸೇರುತ್ತಾಳೆ. ಸೀಸೆಗಳನ್ನಿಡುವ ಪೆಟ್ಟಿಗೆ ಈಗಲೇ ಬಾಗಿಲ ಬಳಿ ತಯಾರಾಗಿದೆ. ಸಂಘದಲ್ಲಿ ಈಗ ಕ್ಲಚ್ಚಿನ ಜಗಳ ನಿಂತು, ಕಪ್ಪೆಗೆ ಹಳದಿ ಬಣ್ಣ ಒಪ್ಪುತ್ತದೋ ಇಲ್ಲವೋ ಎಂಬ ಜಗಳ ಹತ್ತಿದೆ. ಡಾಕ್ಟರು ಹಳದಿ ಹೇಳಿಬಿಟ್ಟಿದ್ದಾರೆ. ಹಲ್ಲಿನ ಡಾಕ್ಟರಿಗೆ ಹಳದಿ ಹೇಗೆ ಹಿಡಿಸಿತೋ ದೇವರೇ ಬಲ್ಲ.

ನಿನ್ನ ಮೊಣಕಾಲಿಗೆ ಎಣ್ಣೆ ತಿಕ್ಕುವುದನ್ನು ಬಿಡಬೇಡ. ಮಕ್ಕಳಿಗೆ ದೊಡ್ಡಮ್ಮನ ಮುತ್ತು. ನಿನ್ನ ಮನೆ ತಣ್ಣಗಿರಲಿ, ನಿನ್ನ ಬಾಯಿ ಹೀಗೇ ಜೋರಾಗಿರಲಿ.

ನಿನ್ನ ಅಕ್ಕ

ಮರೆತ ಮಾತು: ಮರೆತದ್ದಲ್ಲ, ಬರೆಯುವುದೋ ಬೇಡವೋ ಎಂದು ಪೆನ್ನು ಮುಚ್ಚಿ ಮತ್ತೆ ತೆರೆದೆ. ಡಿಸೆಂಬರಿನಲ್ಲಿ ಕಾಲಿನ ಡಾಕ್ಟರು ನಮ್ಮ ಮೂವರನ್ನೂ ಕೂರಿಸಿ, ನರ ಇನ್ನು ಚಿಗುರುವುದಿಲ್ಲ, ಪಾದಕ್ಕೆ ಇನ್ನು ಇಷ್ಟೇ ಬಲ ಎಂದು ಹೇಳಿದ್ದರು. ನೀನು ಅಳುತ್ತೀಯೆಂದು ನಿನಗೆ ಹೇಳಿರಲಿಲ್ಲ. ಅಂಗಳದಿಂದ ಬಂದ ದಿನ ಇವರು ಮಂಚದ ತುದಿಯಲ್ಲಿ ಕೂತು ಶೂ ಬಿಚ್ಚುತ್ತಿದ್ದರು. ನಾನು ಬೇಕೆಂದೇ ಕುಟುಕಿದೆ, "ಒಂದು ಕಪ್ಪೆಗೋಸ್ಕರ ಇಷ್ಟು ದಿನ ಮಗಳ ಜೊತೆ ಜಗಳ ಆಡಿದ್ರಲ್ಲ" ಎಂದು. ಅವರು ತಲೆ ಎತ್ತಲಿಲ್ಲ. "ಕಪ್ಪೆ ಮನೆ ಹಾಳಾಗ್ಲಿ ಕಣೇ. ಎರಡು ಪೆಡಲ್ ಸಾಕು ಅಂತ ನನ್ನ ಬಾಯಲ್ಲಿ ಬಂದ್ರೆ, ಅವಳ ಕಾಲು ಬರಲ್ಲ ಅಂತ ನಾನೇ ಹೇಳಿದ ಹಾಗಲ್ವಾ? ಡಾಕ್ಟರು ಹೇಳಿದ್ರು. ನೀನು ಒಪ್ಕೊಂಡೆ. ಅವಳೂ ಒಪ್ಕೊಂಡ್ಲು. ನಾನೊಬ್ಬನಾದ್ರೂ ಒಪ್ಕೊಳ್ದೆ ಇರೋಣ ಅಂತಿದ್ದೆ" ಎಂದರು. ರಬ್ಬರ್ ಪಟ್ಟಿ ಈಗಲೂ ಮಂಚದ ಕಂಬಕ್ಕೇ ಕಟ್ಟಿದೆ. ಇವತ್ತು ಬೆಳಿಗ್ಗೆ ಅವರು ಕರೆಯಲಿಲ್ಲ. ಪಾಪು ತಾನಾಗಿಯೇ ಬಂದು ಅವರ ಎದುರು ಕಾಲು ಚಾಚಿ ಕೂತಳು.